ಚಿಲಕಕ್ಕೆ ಬಿದ್ದ ಕನಸು

ಇವತ್ತು ಬೆಳಿಗ್ಗೆ ನಮ್ಮ ಬಚ್ಚಲಮನೆಯಿಂದ ಅಪ್ಪನ ಹಾಡು ಕೇಳಿಸಿತು. ಅದರಲ್ಲೇನು ವಿಶೇಷ, ಬಚ್ಚಲಲ್ಲಿ ಹಾಡದ ಗಂಡಸು ಯಾರಿದ್ದಾರೆ ಎಂದು ನೀವು ಕೇಳಬಹುದು. ವಿಶೇಷವಿದೆ. ಅಪ್ಪ ಬಚ್ಚಲಲ್ಲಿ ಹಾಡುವುದನ್ನು ಬಿಟ್ಟು ಇಪ್ಪತ್ತೈದು ವರ್ಷದ ಮೇಲಾಗಿತ್ತು, ಮತ್ತು ಬಿಡಿಸಿದವಳು ನಾನು. ಚಹಾದ ಕಪ್ಪು ಹಿಡಿದುಕೊಂಡೇ ಹೋಗಿ ಬಾಗಿಲ ಹೊರಗೆ ನಿಂತೆ. ಈ ಸಲದ ಮಳೆಗೆ ಬಾಗಿಲು ಉಬ್ಬಿದೆ, ಚಿಲಕ ತೂತಿಗೆ ಹೋಗುತ್ತಿಲ್ಲ. ಭೋಸರಿಯ ಕಾರ್ಖಾನೆಯಲ್ಲಿ ಅಚ್ಚುಗಳನ್ನು ಕೂದಲೆಳೆಯ ಲೆಕ್ಕದಲ್ಲಿ ಕೂಡಿಸುವ ವಿಭಾಗಕ್ಕೆ ನಾನೇ ಮುಖ್ಯಸ್ಥೆ, ನನ್ನ ಮನೆಯಲ್ಲೇ ಚಿಲಕದ ಈ ಗತಿ. ನಗು ತಡೆಯಲಾಗಲಿಲ್ಲ. ಯಾಕೆ ಎಂಬುದನ್ನು ಚಹಾ ಆರುವುದರೊಳಗೆ ನಿಮಗೆ ಹೇಳಿಬಿಡುತ್ತೇನೆ.

ತೊಂಬತ್ತರ ದಶಕದ ಮಾತು. ನಾವಾಗ ಶಿವಾಜಿನಗರದ ಹತ್ತಿರ ಹತ್ತಾರು ಬಿಡಾರಗಳ ಒಂದು ಹಳೆಯ ವಾಡೆಯಲ್ಲಿ, ಎರಡು ಕೋಣೆಯ ಬಿಡಾರದಲ್ಲಿದ್ದೆವು: ಅಪ್ಪ, ಅವ್ವ, ಅಪ್ಪನ ತಾಯಿಯಾದ ನನ್ನ ಅಜ್ಜಿ, ಮತ್ತು ನಾನು. ಅಪ್ಪ ಧಾರವಾಡದ ಕಡೆಯಿಂದ ಈ ಮರಾಠಿ ಊರಿಗೆ ಬಂದು ಒಂದು ಕಚೇರಿಯಲ್ಲಿ ಕಾರಕೂನರಾಗಿದ್ದರು. ಮನೆಯಲ್ಲಿ ಎಲ್ಲವೂ ಇತ್ತು, ಬಚ್ಚಲಿಗೆ ಚಿಲಕವೊಂದು ಬೀಳುತ್ತಿರಲಿಲ್ಲ. ಬಾಗಿಲು ಯಾವ ಕಾಲಕ್ಕೋ ಜೋತುಬಿದ್ದು, ಚಿಲಕದ ಸರಳು ಚೌಕಟ್ಟಿನ ಕಬ್ಬಿಣದ ಪಟ್ಟಿಯಲ್ಲಿದ್ದ ತೂತಿಗಿಂತ ಒಂದು ನೂಲು ಕೆಳಗೆ ಬಂದಿತ್ತು. "ನಾಳೆ ಬಡಿಗ್ಯಾನ್ನ ಕರೀತೀನಿ" ಎಂದು ಅಪ್ಪ ಹತ್ತು ವರ್ಷ ಹೇಳಿದರು.

ಹೀಗಾಗಿ ಒಳಗಿದ್ದವರು ತಾವು ಇದ್ದೇವೆಂದು ಸದ್ದು ಮಾಡುತ್ತಲೇ ಇರಬೇಕು ಎಂಬುದು ಮನೆಯ ಕಾನೂನು. ಅಪ್ಪ ಒಂದು ದೇವರ ಪದ ಹಾಡುತ್ತಿದ್ದರು. ಅವರಿಗೆ ಬರುತ್ತಿದ್ದುದು ಮೊದಲನೆಯ ಸಾಲು ಮಾತ್ರ, ಒಂದು ಸ್ನಾನಕ್ಕೆ ಅದು ನಲವತ್ತು ಸಲವಾದರೂ ಆಗುತ್ತಿತ್ತು. ಅವ್ವ ತಂಬಿಗೆ ಬಡಿಯುತ್ತಿದ್ದಳು. ನಾನು ಹದಿಮೂರರ ಮಗ್ಗಿ ಹೇಳುತ್ತಿದ್ದೆ. ಇವತ್ತಿಗೂ ಹದಿಮೂರೇಳಲೆ ತೊಂಬತ್ತೊಂದು ಅಂದರೆ ನನ್ನ ಮೂಗಿಗೆ ಸೋಪಿನ ವಾಸನೆ ಬರುತ್ತದೆ. ಅಜ್ಜಿಯದು ಹಾಡು ಮಗ್ಗಿ ಏನೂ ಇಲ್ಲ, ನಡುನಡುವೆ "ನಾ ಇದ್ದೀನ್ರೋ ಒಳಗ" ಎಂದು ಡಂಗುರ ಸಾರುತ್ತಿದ್ದಳು. ಜೇಜುರಿಯ ದೇವರಿಗೆ ಹೊರಟು ನಮ್ಮಲ್ಲಿ ಇಳಿದ ನೆಂಟರಿಗೂ ರಿಯಾಯಿತಿ ಇರಲಿಲ್ಲ. ಒಮ್ಮೆ ಅಪ್ಪ ಒಬ್ಬ ನಾಚಿಕೆಯ ನೆಂಟರಿಗೆ ಟಾವೆಲ್ಲು ಕೊಟ್ಟು "ಏನರೆ ಹಾಡ್ರಿ, ನಮ್ಮದೇನೂ ತಕರಾರಿಲ್ಲ" ಅಂದರು. ಆ ಪುಣ್ಯಾತ್ಮ ಸ್ನಾನವನ್ನೇ ಮಾಡದೆ ಖಂಡೋಬನ ದರ್ಶನಕ್ಕೆ ಹೋದ.

ಇರಲಿ. ಏಳನೆಯ ಇಯತ್ತೆ ಮುಗಿದಾಗ ಶಾಲೆಯಿಂದ ಒಂದು ಫಾರ್ಮು ಬಂತು. ಎಂಟರಿಂದ ಸಂಸ್ಕೃತ ಬೇಕೋ, ಟೆಕ್ನಿಕಲ್ ಬೇಕೋ? ಟೆಕ್ನಿಕಲ್ ಅಂದರೆ ವಾರಕ್ಕೆರಡು ದಿನ ಶಾಲೆಯ ಹಿಂದಿನ ಶೆಡ್ಡಿನಲ್ಲಿ ಕಬ್ಬಿಣ ಕೊಯ್ಯುವುದು, ತಿಕ್ಕುವುದು, ನಕ್ಷೆ ಬರೆಯುವುದು. ನನಗೆ ಚಿಕ್ಕಂದಿನಿಂದಲೂ ಯಂತ್ರಗಳೆಂದರೆ ಪ್ರಾಣ ಎಂದು ಮುಂದೆ ಎಷ್ಟೋ ಸಂದರ್ಶನಗಳಲ್ಲಿ ಹೇಳಿದ್ದೇನೆ. ಶುದ್ಧ ಸುಳ್ಳು. ಟೆಕ್ನಿಕಲ್‌ನವರ ನೀಲಿ ಏಪ್ರನ್ನಿಗೆ ಎರಡು ಕಿಸೆಗಳಿದ್ದವು, ನನ್ನ ಯಾವ ಫ್ರಾಕಿಗೂ ಒಂದೂ ಇರಲಿಲ್ಲ. ಅಷ್ಟೇ ಕಾರಣ.

"ಸಂಸ್ಕೃತದಾಗ ಸುಮ್ಮ ಕೂತ್ರೂ ಮಾರ್ಕ್ಸ್ ಬೀಳ್ತಾವ. ಕಬ್ಬಿಣ ತಿಕ್ಕಿದ್ರ ಏನ ಬೀಳ್ತದ?" ಎಂದು ಅಪ್ಪ ಕೇಳಿದರು.

"ಪುಡಿ ಬೀಳ್ತದ್ರಿ" ಅಂದೆ.

ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ಪಕ್ಕಾ ಫಾರ್ಮು ಕೊಡಬೇಕಾದದ್ದು ದೀಪಾವಳಿಯ ನಂತರ. ಅಲ್ಲಿಯವರೆಗೆ ನೋಡೋಣ, ಸಹಾಮಾಹಿಯ, ಅಂದರೆ ಅರ್ಧವರ್ಷದ, ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಪಾಸಾದರೆ ಟೆಕ್ನಿಕಲ್, ಇಲ್ಲವಾದರೆ ತೆಪ್ಪಗೆ ಸಂಸ್ಕೃತ ಎಂದು ಕರಾರಾಯಿತು. ಅಪ್ಪ ಫಾರ್ಮಿನ ಮೇಲೆ ಪೆನ್ಸಿಲಿನಲ್ಲಿ ಸಹಿ ಮಾಡಿ, ರಬ್ಬರನ್ನೂ ಅದರ ಜೊತೆಗೇ ಕಪಾಟಿನಲ್ಲಿಟ್ಟರು.

ಶೆಡ್ಡಿನ ಯಜಮಾನರು ಶೇಲಾರ ಸರ್. ಕಾರ್ಖಾನೆಯಲ್ಲಿ ಕೈ ಪಳಗಿಸಿಕೊಂಡು ಬಂದವರು, ಮಾತು ಕಡಿಮೆ, ಆಡಿದ್ದೆಲ್ಲ ಮರಾಠಿ. ಮೊದಲ ದಿನವೇ, ನಾಳೆ ಪ್ರತಿಯೊಬ್ಬರೂ ಒಂದೊಂದು ಕಾನಸ ತರಬೇಕು ಅಂದರು. ಕಬ್ಬಿಣ ತಿಕ್ಕುವ ಅರಕ್ಕೆ ಮರಾಠಿಯಲ್ಲಿ ಕಾನಸ ಎನ್ನುತ್ತಾರೆ. ಅದು ನನಗೆ ಗೊತ್ತು, ನಿಮಗೆ ಈಗ ಗೊತ್ತಾಯಿತು. ಅಜ್ಜಿಗೆ ಯಾರು ಹೇಳಬೇಕು? ಅವಳ ಮರಾಠಿ ಕಾಯಿಪಲ್ಲೆಯ ಗಾಡಿಯವರೆಗೆ ಮಾತ್ರ.

"ಅಜ್ಜಿ, ನಾಳೆ ಸಾಲಿಗೆ ಕಾನಸ ಒಯ್ಯಬೇಕಂತ."

"ಕನಸ? ಯಾರ ಕನಸ?"

"ಯಾರದಾರ ನಡೀತದ."

"ಎಷ್ಟುದ್ದ ಇರಬೇಕ?"

"ಒಂದು ಗೇಣಿದ್ದರ ಸಾಕು. ಆದರ ಹಲ್ಲು ಸವದಿರಬಾರದು."

ಅಜ್ಜಿ ಆ ರಾತ್ರಿ ಬೇಗನೆ ಮಲಗಿದಳು. ಮರುದಿನ ನಸುಕಿನಲ್ಲೇ ನನ್ನನ್ನು ಅಲುಗಾಡಿಸಿ ಎಬ್ಬಿಸಿದಳು. "ತಗೋ, ನಂಗೊಂದು ಬಿದ್ದದ. ನಮ್ಮೂರ ಎಮ್ಮಿ ಏಣಿ ಹತ್ತಲಿಕ್ಕೆ ಹತ್ತಿತ್ತು. ಹಲ್ಲು ಎಲ್ಲಾ ಗಟ್ಟಿ ಇದ್ದುವು, ನಾ ಎಣಿಸಿ ನೋಡೀನಿ. ಮರೀಬ್ಯಾಡ, ಹಂಗ ಹೋಗಿ ಹೇಳು." ಗೊತ್ತಾದ ಮೇಲೆ ಅಪ್ಪ ನಗುತ್ತ ನಗುತ್ತ ಬಚ್ಚಲಿಗೆ ಹೋದವರು ಆ ದಿನ ಹಾಡಲೇ ಇಲ್ಲ, ಒಳಗೂ ನಗುತ್ತಲೇ ಇದ್ದರು. ಅಜ್ಜಿಗೆ ಸಿಟ್ಟೇನೂ ಬರಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಅರಕ್ಕೆ ಕನಸು ಎಂದೇ ಹೆಸರಾಯಿತು.

"ಕಾನಸ ಢಕಲಾಯ್ಚೀ, ಓಢಾಯ್ಚೀ ನಾಹೀ" ಎಂಬುದು ಸರ್ ದಿನಕ್ಕೆ ನೂರು ಸಲ ಹೇಳುವ ಮಾತು. ಮುಂದಕ್ಕೆ ದೂಡುವಾಗ ಮಾತ್ರ ಹಲ್ಲು ಕಬ್ಬಿಣವನ್ನು ಕಚ್ಚುತ್ತದೆ, ಹಿಂದಕ್ಕೆ ಎಳೆದರೆ ಹಲ್ಲೇ ಸವೆಯುತ್ತದೆ. ನಾನು ಮನೆಗೆ ಬಂದು ವರದಿ ಒಪ್ಪಿಸಿದೆ: "ಕನಸು ಮುಂದ ದೂಡಬೇಕಂತ ಅಜ್ಜಿ, ಎಳೀಬಾರದಂತ."

"ಖರೇ ಅದ. ಎಳಕೊಂಡ ಕೂತವರನ್ನ ಭಾಳ ಮಂದೀನ್ನ ನೋಡೀನಿ" ಅಂದಳು ಅಜ್ಜಿ.

ಆದರೆ ದೂಡಿದರೇನು, ನೇರಕ್ಕೆ ದೂಡಬೇಕಲ್ಲ. ಪರೀಕ್ಷೆಗೆ ಒಂದು ಕಬ್ಬಿಣದ ತುಂಡನ್ನು ತಿಕ್ಕಿ ತಿಕ್ಕಿ ಸರಿಯಾದ ಚೌಕ ಮಾಡಬೇಕಿತ್ತು. ಸರ್ ಅದರ ಅಂಚಿಗೆ ಉಕ್ಕಿನ ಮೂಲೆಮಟ್ಟ ಹಚ್ಚಿ, ಕಿಟಕಿಯತ್ತ ಎತ್ತಿ ಹಿಡಿಯುವರು. ನಡುವೆ ಬೆಳಕು ತೂರಬಾರದು. ನನ್ನದನ್ನು ಎತ್ತಿ ಹಿಡಿದು, "ಉಜೇಡ ದಿಸತೋಯ, ಬಾಳ" ಅಂದರು. ಬೆಳಕು ಕಾಣುತ್ತದೆ ಮಗು ಎಂದರ್ಥ. ಲೋಕಕ್ಕೆಲ್ಲ ಬೆಳಕು ಕಂಡರೆ ಸಂತೋಷ, ನಾನೊಬ್ಬಳು ಬೆಳಕು ಕಂಡು ನಪಾಸಾದೆ. ಸರ್ ತಮ್ಮ ಪೆಟ್ಟಿಗೆಯಿಂದ ಕಿರುಬೆರಳಿನಷ್ಟು ತೆಳ್ಳಗಿನ ಒಂದು ದುಂಡು ಕಾನಸ ತೆಗೆದುಕೊಟ್ಟು, ದೀಪಾವಳಿಯ ಸೂಟಿಯಲ್ಲಿ ಕೈ ಓಡಿಸುತ್ತಿರು ಎಂದರು. ಸೂಟಿ ಮುಗಿದ ಮೇಲೆ ನಾನು ಬರುವುದಿಲ್ಲ ಎಂದು ಹೇಳಲು ನನ್ನ ಬಾಯಿಂದಾಗಲಿಲ್ಲ.

ಬೆಳಕು ಕಂಡ ಸುದ್ದಿ ಕೇಳಿ ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸಂಸ್ಕೃತದ ಪುಸ್ತಕ ತಂದು ತಾವೇ ಕುಳಿತು ಖಾಕಿ ಕಾಗದದ ಹೊದಿಕೆ ಹಾಕಿದರು. ನನಗೆ ದುಃಖ ಒತ್ತರಿಸಿ ಬಂತು. ಎರಡು ಕೋಣೆಯ ಮನೆಯಲ್ಲಿ ಅಳಲಿಕ್ಕೆ ಜಾಗವೆಂದರೆ ಬಚ್ಚಲೊಂದೇ. ಅಲ್ಲಿ ಚಿಲಕ ಬೀಳುವುದಿಲ್ಲ, ಸದ್ದು ಮಾಡಬೇಕು. ಅಳುತ್ತಳುತ್ತಲೇ ಮಗ್ಗಿ ಶುರು ಮಾಡಿದೆ. ಹದಿಮೂರೈದಲೆ ಹೇಳಿ ಮುಖಕ್ಕೆ ನೀರು ಹಾಕಿಕೊಂಡೆ.

"ಯಾಕ ಅರವತ್ತೈದಕ್ಕ ನಿಂತಿ?" ಎಂದು ಹೊರಗಿನಿಂದ ಅಜ್ಜಿ ಕೂಗಿದಳು.

ನೀವೇ ಹೇಳಿ, ಇಂಥ ಮನೆಯಲ್ಲಿ ಮನುಷ್ಯರು ಅಳುವುದಾದರೂ ಹೇಗೆ? ನನಗೆ ಅಪ್ಪನ ಮೇಲಲ್ಲ, ಸರ್ ಮೇಲಲ್ಲ, ಆ ಚಿಲಕದ ಮೇಲೆ ಸಿಟ್ಟು ನೆತ್ತಿಗೇರಿತು. ಏಪ್ರನ್ನಿನ ಕಿಸೆಯಲ್ಲಿದ್ದ ದುಂಡು ಕಾನಸ ಹೊರಬಂತು. ಮೂರು ಮಧ್ಯಾಹ್ನ, ಅಪ್ಪ ಕಚೇರಿಗೆ ಹೋದ ಮೇಲೆ, ಚೌಕಟ್ಟಿನ ಪಟ್ಟಿ ಬಿಚ್ಚಿ ಅದರ ತೂತಿನ ಕೆಳಅಂಚನ್ನು ತಿಕ್ಕಿದೆ. ಅಜ್ಜಿ ಪಟ್ಟಿಯನ್ನು ಒರಳಿನ ಅಂಚಿಗೆ ಒತ್ತಿ ಎರಡೂ ಕೈಯಿಂದ ಹಿಡಿದಿದ್ದಳು. ಅಂಥ ಬಿಗಿ ಹಿಡಿತ ಶೆಡ್ಡಿನಲ್ಲಿಯೂ ಸಿಕ್ಕಿರಲಿಲ್ಲ. ಇದೇನು ಕಿರಕಿರಿ ಎಂದು ಪಕ್ಕದ ಬಿಡಾರದವರು ಕೇಳಿದರೆ, "ಹುಡುಗಿ ಕನಸು ದೂಡ್ಲಿಕ್ಕೆ ಹತ್ಯಾಳ" ಎನ್ನುತ್ತಿದ್ದಳು. ಅವರು ಏನು ತಿಳಿದುಕೊಂಡರೋ ದೇವರೇ ಬಲ್ಲ. ಮೂರನೆಯ ದಿನ ಪಟ್ಟಿ ಕೂರಿಸಿ ಚಿಲಕ ಸರಿಸಿದೆ. ಟಕ್ ಅಂತು. ನಾನೂ ಅಜ್ಜಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವಳು ಮೂರು ಸಲ ತೆಗೆದು ಹಾಕಿ ನೋಡಿದಳು.

ಮರುದಿನ ನರಕ ಚತುರ್ದಶಿ. ಅಪ್ಪ ಎಣ್ಣೆ ಹಚ್ಚಿಸಿಕೊಂಡು ಮೊದಲ ಸ್ನಾನಕ್ಕೆ ಹೋದರು. ರೂಢಿಯಂತೆ ಸುಮ್ಮನೆ ಚಿಲಕ ದೂಡಿರಬೇಕು. ಹಾಡು ಬರಲಿಲ್ಲ. ಐದು ನಿಮಿಷವಾಯಿತು, ಹತ್ತಾಯಿತು. ಅವ್ವ ಒಲೆಯ ಮುಂದಿನಿಂದ ಎದ್ದು ಬಂದು "ಯಾಕ್ರೀ, ದನೀನ ಇಲ್ಲಲ್ಲ?" ಅಂದಳು. ಬಾಗಿಲು ದೂಡಿದಳು. ಹತ್ತು ವರ್ಷ ಯಾರು ಮುಟ್ಟಿದರೂ ತೆರೆಯುತ್ತಿದ್ದ ಬಾಗಿಲು ಜಪ್ಪೆನ್ನಲಿಲ್ಲ. ಅವ್ವ ಬಾಗಿಲು ಬಡಿಯತೊಡಗಿದಳು, ಪಟಾಕಿ ಹಚ್ಚುತ್ತಿದ್ದ ಅರ್ಧ ವಾಡೆ ಬಂದು ನೆರೆಯಿತು. ಅಪ್ಪನನ್ನು ನಾನೇ ಒಳಗೆ ಹಾಕಿ ಮುಚ್ಚಿಬಿಟ್ಟೆನೇನೋ ಎಂದು ಅಜ್ಜಿಯ ಸೆರಗು ಹಿಡಿದುಕೊಂಡೆ.

ಟಕ್ ಎಂದು ಚಿಲಕ ಸರಿಯಿತು. ಅಪ್ಪ ಟಾವೆಲ್ಲು ಸುತ್ತಿಕೊಂಡು, ತಲೆಯಿಂದ ಎಣ್ಣೆನೀರು ಸೋರಿಸುತ್ತ ಹೊರಬಂದು ಜನರನ್ನು ಕಂಡು ಬೆಪ್ಪಾದರು.

"ಏನೂ ಆಗಿಲ್ರಿ. ಸುಮ್ಮ ಕೂತಿದ್ನಿ. ಹತ್ತು ವರ್ಷದ ಮ್ಯಾಲೆ ಸುಮ್ಮ ಕೂತಿದ್ನಿ" ಅಂದರು. ಆಮೇಲೆ, "ಯಾರ ಮಾಡಿದ್ದಿದು?"

ಅಜ್ಜಿ ನನ್ನತ್ತ ಬೆರಳು ತೋರಿಸಿದಳು. ಅಪ್ಪ ತೂತಿನ ಒಳಗೆ ಬೆರಳಾಡಿಸಿದರು. ಚಿಲಕ ಸರಿಸಿ, ಬಗ್ಗಿ, ಒಂದು ಕಣ್ಣು ಮುಚ್ಚಿ ನೋಡಿದರು.

"ಬೆಳಕು ಕಾಣಂಗಿಲ್ಲ" ಅಂದರು. "ನಮ್ಮಪ್ಪ ಸಂಸ್ಕೃತ ಓದಿದ್ದ, ನಾನೂ ಓದೀನಿ. ಇಬ್ಬರಿಗೂ ಒಂದು ಚಿಲಕ ಸರಿ ಮಾಡ್ಲಿಕ್ಕೆ ಬರಲಿಲ್ಲ."

ಬಟ್ಟೆಯನ್ನೂ ಉಡದೆ ಕಪಾಟು ತೆರೆದು, ಪೆನ್ಸಿಲಿನ ಸಹಿಯ ಮೇಲೆ ಶಾಯಿಯಲ್ಲಿ ತಿದ್ದಿದರು. ಆ ಫಾರ್ಮಿನ ಮೇಲೆ ಒಂದು ಎಣ್ಣೆಯ ಕಲೆ ಬಿದ್ದಿತ್ತು. ನನಗೆ ಕುಣಿಯಬೇಕೆನಿಸಿತು, ಕುಣಿದೆ ಕೂಡ. ಹಾಗೆ ಕುಣಿಯುತ್ತಲೇ ಡಿಪ್ಲೊಮಾಕ್ಕೆ ಹೋದೆ, ಕಾರ್ಖಾನೆ ಸೇರಿದೆ. ಅಪ್ಪ ಮತ್ತೆ ಬಚ್ಚಲಲ್ಲಿ ಹಾಡಲಿಲ್ಲ. ಹಾಡುವ ಅಗತ್ಯವೇ ಇರಲಿಲ್ಲವಲ್ಲ.

ಚಹಾ ಆರಿಯೇ ಹೋಯಿತು. ಅಪ್ಪನಿಗೆ ಈಗ ಎಪ್ಪತ್ತಾಗುತ್ತ ಬಂತು, ನಮ್ಮ ಜೊತೆಗೇ ಇದ್ದಾರೆ. ಹೋದ ವರ್ಷ ಒಮ್ಮೆ ತಲೆ ತಿರುಗಿ ಬಿದ್ದರು. ಅಂದಿನಿಂದ ಅವರು ಬಚ್ಚಲಿಗೆ ಹೋಗಿ ಚಿಲಕ ಹಾಕಿದರೆ ಹೊರಗೆ ನನಗೆ ಯಾವ ಕೆಲಸವೂ ಓಡುವುದಿಲ್ಲ. ಹೆದರುತ್ತೇನೆ, ಅದನ್ನು ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಇವತ್ತು ಬೆಳಿಗ್ಗೆ ಬಾಗಿಲ ಹೊರಗೆ ನಕ್ಕು ಮುಗಿಸಿ, ಕೈಯ ರೂಢಿಯಂತೆ ಹೋಗಿ ಶೇಲಾರ ಸರ್ ಕೊಟ್ಟ ಆ ದುಂಡು ಕಾನಸ ತಂದೆ. ಹತ್ತು ಸಲ ದೂಡಿದರೆ ಕೆಲಸ ಮುಗಿಯುತ್ತಿತ್ತು. ಒಳಗೆ ಅದೇ ಮೊದಲನೆಯ ಸಾಲು, ಅದೇ ತಪ್ಪಿದ ಸ್ವರ, ಮತ್ತೆ ಮತ್ತೆ.

ಹಾಡು ನಿಂತಿತು. "ಯಾರದು ಹೊರಗ? ಚಿಲಕ ಮಾಡ್ಲಿಕ್ಕೆ ಬಂದಿಯೇನವಾ?"

ನಾನು ಕಾನಸವನ್ನು ಕಿಸೆಗೆ ಹಾಕಿಕೊಂಡೆ.

"ಇಲ್ರಿ ಅಪ್ಪಾ. ನಾಳೆ ಬಡಿಗ್ಯಾನ್ನ ಕರೀತೀನಿ. ನೀವು ಹಾಡ್ರಿ."