ಉದ್ಯಾನದ ಸೈಕಲ್ಲುಗಳ ಬೀಗ ತೆಗೆದಾಕೆ

ಬೆಳಗಿನ ಐದೂಮುಕ್ಕಾಲು. ಉದ್ಯಾನದ ದೀಪಗಳು ಇನ್ನೂ ಆರಿಲ್ಲ. ಸೈಕಲ್ ಪಥದ ಮೇಲೆ, ನಗರಸಭೆಯ ನೀಲಿ ಅಂಗಿ ತೊಟ್ಟ ಹೆಂಗಸೊಬ್ಬರು ಸೈಕಲ್ಲಿನ ಸೀಟು ಹಿಡಿದು ಏದುಸಿರು ಬಿಡುತ್ತ ಓಡುತ್ತಿದ್ದಾರೆ. ಪೆಡಲ್ ತುಳಿಯುತ್ತಿರುವವರು ಹತ್ತಿರದ ಆಸ್ಪತ್ರೆಯ ಆಯಾ. ಅವರ ಜೀವವೆಲ್ಲ ಹ್ಯಾಂಡಲ್ ಹಿಡಿದ ಕೈಯಲ್ಲೇ ಇದೆ. “ಈಗ ಬಿಡ್ತೀನಿ ನೋಡಮ್ಮ” ಎನ್ನುತ್ತ ಇವರು ಕೈ ಬಿಡುತ್ತಾರೆ. ಸೈಕಲ್ಲು ಓಲಾಡುತ್ತದೆ, ಆದರೆ ಬೀಳುವುದಿಲ್ಲ.

“ಗೊತ್ತಾಗದ ಹಾಗೆ ಕೈ ಬಿಡೋದು ನಂಗೆ ಸರಿ ಬರಲ್ಲ. ಬಿದ್ರೂ ಗೊತ್ತಿದ್ದೇ ಬೀಳಲಿ” ಎಂದು ಬೆವರು ಒರೆಸಿಕೊಳ್ಳುತ್ತಾರೆ.

ಐವತ್ತೊಂದರ ಇವರನ್ನು ಇಲ್ಲಿ ಎಲ್ಲರೂ ಕರೆಯುವುದು ಸೈಕಲ್ಲಕ್ಕ ಎಂದೇ. ಸಂಬಳದ ಕೆಲಸ ಮಾತ್ರ ಉದ್ಯಾನ ಗುಡಿಸುವುದು. ಹತ್ತೊಂಬತ್ತು ವರ್ಷಗಳಿಂದ ಅದೇ. ಐದಕ್ಕೆ ಗೇಟು ತೆಗೆದು ಪಥ ಗುಡಿಸಿದರೆ, ಏಳೂವರೆಯವರೆಗೆ ಪಾಠ. ಪಥದ ಒಂದು ಸುತ್ತು ಆರುನೂರು ಮೀಟರು. ದಿನಕ್ಕೆ ಹತ್ತು ಸುತ್ತಾದರೂ ಬೇರೆಯವರ ಸೈಕಲ್ಲಿನ ಹಿಂದೆ ಓಡುತ್ತಾರೆ. ಪಾಠ ಮುಗಿದ ಮೇಲೆ ಮತ್ತೆ ಪೊರಕೆ.

ನಾಲ್ಕು ವರ್ಷಗಳ ಹಿಂದೆ ಉದ್ಯಾನಗಳಲ್ಲಿ ಸೈಕಲ್ ಸವಾರಿಗೆಂದು ಸರ್ಕಾರದ ಅನುದಾನ ಬಂತು. ಪಥವಾಯಿತು, ಶೆಡ್ಡಾಯಿತು, ಇಪ್ಪತ್ತು ಹೊಸ ಸೈಕಲ್ಲುಗಳು ಬಂದವು. ಟೇಪು ಕತ್ತರಿಸಿ ಫೋಟೊ ತೆಗೆಸಿಕೊಂಡವರು ಹೋದ ಮೇಲೆ ಶೆಡ್ಡಿಗೆ ಬೀಗ ಬಿತ್ತು. ಬೀಗದ ಕೈ ಇವರ ಬಳಿ. ತಿಂಗಳುಗಟ್ಟಲೆ ಇವರು ಮಾಡಿದ್ದು ಸೈಕಲ್ಲುಗಳ ಧೂಳು ಒರೆಸುವುದಷ್ಟೇ.

ಒಂದು ದಿನ ನಗರಸಭೆ ಕಚೇರಿಯ ಗುಮಾಸ್ತರು ಬಂದು, ಯಾರೂ ಬಳಸುತ್ತಿಲ್ಲವಾದ್ದರಿಂದ ವರ್ಷದ ಕೊನೆಗೆ ತಪಾಸಣೆ ನಡೆಸಿ ಸೈಕಲ್ಲುಗಳನ್ನು ವಾಪಸ್ ಒಯ್ಯುತ್ತಾರೆ ಎಂದು ತಿಳಿಸಿದರು. ಇವರಿಗೆ ಮನಸ್ಸು ತಡೆಯಲಿಲ್ಲ. ವಾಕಿಂಗಿಗೆ ಬರುವ ಹೆಂಗಸರನ್ನು ಒಬ್ಬೊಬ್ಬರಾಗಿ ನಿಲ್ಲಿಸಿ ಕೇಳಿದರು. ಎಲ್ಲರದೂ ಒಂದೇ ಉತ್ತರ: ಓಡಿಸಲು ಬರುವುದಿಲ್ಲ. ಕಲಿಸುವವರನ್ನು ಕೊಡಿ ಎಂದು ಕಚೇರಿಗೆ ಹೋದರೆ, ಅದಕ್ಕೆ ಅನುದಾನದಲ್ಲಿ ಜಾಗವಿಲ್ಲ, ಬೇಕಿದ್ದರೆ ನೀವೇ ಕಲಿಸಿ ಎಂದು ಗುಮಾಸ್ತರು ನಕ್ಕರು. ಅವರು ತಮಾಷೆಗೆ ಅಂದದ್ದನ್ನು ಇವರು ನಿಜವೆಂದೇ ತೆಗೆದುಕೊಂಡರು.

ತೊಡಕು ಒಂದೇ. ಇವರಿಗೂ ಸೈಕಲ್ ಬರುತ್ತಿರಲಿಲ್ಲ.

ಚಿಕ್ಕಂದಿನಲ್ಲಿ ಸೈಕಲ್ ಓಡಿಸುತ್ತಿದ್ದ ನಾದಿನಿ ಸೀಟು ಹಿಡಿದರು. ಮೂರನೇ ದಿನ ತಿರುವಿನಲ್ಲಿ ಬಿದ್ದು ಇವರ ಎಡಗೈ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರು. ಲಾರಿಗೆ ಸರಕು ತುಂಬುವ ಗಂಡ, ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತಾ ಎಂದು ಕೂಗಾಡಿದರು. ಆದರೆ ಆ ಆರು ವಾರವೂ ನಸುಕಿಗೇ ಬಂದು ಹೆಂಡತಿಯ ಬದಲು ಉದ್ಯಾನ ಗುಡಿಸಿದವರು ಅವರೇ. “ಬೈಕೊಂಡೇ ಗುಡಿಸಿದ್ರು. ನನಗಿಂತ ಚೆನ್ನಾಗೇ ಗುಡಿಸಿದ್ರು” ಎಂದು ಸೈಕಲ್ಲಕ್ಕ ನಗುತ್ತಾರೆ. ಪ್ಲಾಸ್ಟರು ಬಿಚ್ಚಿದ ಮರುದಿನವೇ ಮತ್ತೆ ಸೈಕಲ್ ಹತ್ತಿದರು. ತಮಗೆ ಬಂದ ಕೂಡಲೇ ವಾಕಿಂಗಿನ ಹೆಂಗಸರಿಗೂ ಸೀಟು ಹಿಡಿಯತೊಡಗಿದರು.

ತಪಾಸಣೆಗೆ ಅಧಿಕಾರಿ ಬಂದ ಬೆಳಿಗ್ಗೆ ಪಥದ ಮೇಲೆ ಹದಿನಾಲ್ಕು ಮಂದಿ ಹೆಂಗಸರಿದ್ದರು. ಕಲಿಸಿದವರು ಯಾರು ಎಂದು ಅಧಿಕಾರಿ ಕೇಳಿದರು. ಎಲ್ಲರೂ ಪೊರಕೆ ಹಿಡಿದು ನಿಂತಿದ್ದವರತ್ತ ಕೈ ತೋರಿಸಿದರು. ತರಬೇತಿಯ ಪ್ರಮಾಣಪತ್ರ ಇದೆಯೇ ಎಂದು ಅವರು ಮತ್ತೆ ಕೇಳಿದರು. ಇವರು ಸ್ವಲ್ಪ ಸೊಟ್ಟಗೇ ಕೂಡಿಕೊಂಡ ಮಣಿಕಟ್ಟನ್ನು ಮುಂದೆ ಚಾಚಿದರು.

“ನನ್ನ ಹತ್ರ ಇರೋದು ಇದೊಂದೇ, ಸಾರ್.”

ಅಧಿಕಾರಿ ಬರೆದುಕೊಂಡು ಹೋದರು. ಸೈಕಲ್ಲುಗಳು ಉಳಿದವು. ಎರಡು ತಿಂಗಳಲ್ಲಿ ಹೆಲ್ಮೆಟ್ಟುಗಳೂ ಬಂದವು. ಇವರ ಹುದ್ದೆ, ಸಂಬಳ ಮಾತ್ರ ಇದ್ದಲ್ಲೇ ಇವೆ.

ಈವರೆಗೆ ನೂರ ಅರವತ್ತಕ್ಕೂ ಹೆಚ್ಚು ಮಂದಿ ಕಲಿತಿದ್ದಾರೆ. ಅರವತ್ತೆರಡರ ನಿವೃತ್ತ ಶಿಕ್ಷಕಿಯೊಬ್ಬರು ಸಾಯುವ ಮುಂಚೆ ಒಂದು ಸುತ್ತು ಹೊಡೆದರೆ ಸಾಕು ಎಂದು ಬಂದವರು, ಈಗ ದಿನಾ ಬಂದು ಮೊದಲ ಸೈಕಲ್ಲಿಗೆ ಜಗಳ ತೆಗೆಯುತ್ತಾರೆ.

ಏನಾದರೂ ಬೇಕಾ ಎಂದು ಕೇಳಿದರೆ, ಸೈಕಲ್ಲಕ್ಕ ತಮಗಾಗಿ ಏನನ್ನೂ ಕೇಳುವುದಿಲ್ಲ. ಶೆಡ್ಡಿನಲ್ಲಿ ಸಾಲಾಗಿ ನಿಂತ ಎತ್ತರದ ಸೈಕಲ್ಲುಗಳ ಕಡೆ ನೋಡುತ್ತಾರೆ.

“ಸೀಟು ಪೂರ್ತಿ ಇಳಿಸಿದ್ರೂ ನಮ್ಮಲ್ಲಿ ಅರ್ಧ ಜನಕ್ಕೆ ಕಾಲು ನೆಲಕ್ಕೆ ಎಟುಕಲ್ಲ. ಮುಂದಿನ ಸಲ ದುಡ್ಡು ಬಂದಾಗ, ಸೈಕಲ್ ತರೋಕೆ ಮುಂಚೆ ನಮ್ಮ ಎತ್ತರ ಎಷ್ಟು ಅಂತ ಒಂದ್ಸಲ ಬಂದು ಕೇಳಲಿ. ಅಷ್ಟೇ.”