ಹತ್ತಿ ಮಿಲ್ಲಿನ ಹೆಂಗಸರ ಅತ್ತರು

ರಾಯಚೂರಿನ ತೀನ್ ಕಂದೀಲ್ ವೃತ್ತದ ಹಿಂದಿನ ಓಣಿಯಲ್ಲಿ ಇಮಾಮಹುಸೇನ ಭಟ್ಟಿ ಹಾಕಿ ಅತ್ತರು ಇಳಿಸುತ್ತಿದ್ದ. ಅಪ್ಪನ ಕಾಲದಿಂದ ಗುಲಾಬಿ, ಮಲ್ಲಿಗೆ ಮಾರಿದ ಮನೆ ಅದು. ಇವನಿಗೆ ಅವು ಸಾಕಾಗಿದ್ದವು. ಗುಲಾಬಿ ಎಲ್ಲಿಯದೋ, ಈ ಊರಿಗೂ ತನ್ನದೊಂದು ವಾಸನೆ ಇದೆಯಲ್ಲ ಎಂದು, ಎಪ್ಪತ್ತರ ದಶಕದ ಕೊನೆಗೆ ತಾಮ್ರದ ಹಂಡೆಗೆ ಬೇರೆಯದನ್ನೇ ತುಂಬತೊಡಗಿದ. ಕೊಯ್ದ ಜೋಳದ ದಂಟು, ಗಾಣದಿಂದ ಬಿಸಿಯಾಗಿ ತಂದ ಶೇಂಗಾ ಹಿಂಡಿ, ಮಿಲ್ಲಿನ ಹತ್ತಿಬೀಜ. ಅವುಗಳ ಹಬೆಯನ್ನು ಗಂಧದೆಣ್ಣೆಗೆ ಇಳಿಸಿ, ವಾರಗಟ್ಟಲೆ ಮುಚ್ಚಿಟ್ಟು, ಮೂಸಿ ನೋಡಿ, ಅರ್ಧಕ್ಕರ್ಧ ಚೆಲ್ಲುತ್ತಿದ್ದ.

"ಹಿಂಡಿ ವಾಸನಿ ಹಚ್ಚಿಕೊಂಡು ಮದುವಿಗೆ ಯಾರು ಹೋಗ್ತಾರ್ರೀ?" ಎಂದು ಹೆಂಡತಿ ಮುನ್ನೀ ಬೀ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತ ಕೇಳುತ್ತಿದ್ದಳು.

ಯಾರೂ ಹೋಗಲಿಲ್ಲ. ಪೆಟ್ಟಿಗೆ ಹಿಡಿದು ಬಸ್ಸಿನಲ್ಲಿ ದೇವದುರ್ಗಕ್ಕೆ ಹೋದರೆ ಅಂಗಡಿಯವರು ಮೂಸಿ, ನಕ್ಕು, ಮಲ್ಲಿಗೆಯದನ್ನಷ್ಟೇ ಇಟ್ಟುಕೊಂಡು ಕಳಿಸುತ್ತಿದ್ದರು.

ಮಾನ್ವಿಯಲ್ಲಿ ಒಂದು ಮಧ್ಯಾಹ್ನ, ಬಸ್ಸಿಗೆ ಕಾಯುತ್ತಿದ್ದ ಪಕೀರಮ್ಮ ಎಂಬ ಹೆಂಗಸು ಪೆಟ್ಟಿಗೆಯತ್ತ ನೋಡಿದಳು. ಮಿಲ್ಲಿನಲ್ಲಿ ಹತ್ತಿ ಆರಿಸುವವಳು. ತಲೆಗೂದಲಲ್ಲಿ ಇನ್ನೂ ಅರಳೆ ಇತ್ತು. ಇಮಾಮಹುಸೇನ ಹುರುಪಿನಿಂದ ಹತ್ತಿಬೀಜದ ಅತ್ತರನ್ನೇ ಕಡ್ಡಿಗೆ ಅದ್ದಿ ಕೊಟ್ಟ.

ಅವಳು ಮೂಸಿದವಳೇ ಕಡ್ಡಿ ತಿರುಗಿ ಕೊಟ್ಟಳು. "ಸಾಬ್ರ, ಈ ವಾಸನಿ ನಮಗ ದಿನಾ ಬಿಟ್ಟಿ ಸಿಗ್ತದ. ಎಷ್ಟು ತಿಕ್ಕಿ ತೊಳದ್ರೂ ಹೋಗಂಗಿಲ್ಲ. ಇದನ್ನ ಮತ್ತ ಕೊಂಡು ಹಚ್ಚಿಗೋಬೇಕೇನ್ರಿ?"

ಇಮಾಮಹುಸೇನ ಕಡ್ಡಿ ಒರೆಸಿಕೊಳ್ಳುತ್ತ, "ಮತ್ತ ನಿನಗೆಂಥಾದ್ದು ಬೇಕವ್ವಾ?" ಎಂದ.

"ನನಗೇನ್ ತಿಳೀತದ್ರಿ? ಜಳಕ ಮಾಡಿ, ಯಾರೂ ಕರೀಲಾರದಂಗ ಸುಮ್ನ ಕುಂತಿರ್ತೀವಲ್ಲ, ಅಂಥಾದ್ದು."

ಬಸ್ಸು ಬಂತು, ಹೋದಳು.

ಅಂಥದ್ದೊಂದನ್ನು ಮಾಡಲು ಅವನಿಗೆ ವರ್ಷವೇ ಹಿಡಿಯಿತು. ನೆನೆಸಿದ ಲಾವಂಚದ ಬೇರು ಇಳಿಸಿದ; ಭಾರವೆನಿಸಿತು. ನಿಂಬೆ ಎಲೆ ಸೇರಿಸಿದರೆ ಅಡುಗೆ ನೆನಪಾಗುತ್ತಿತ್ತು. ಕೊನೆಗೆ ಸೇರಿಸುವುದನ್ನು ಬಿಟ್ಟು ಒಂದೊಂದನ್ನೇ ಕೈಬಿಡುತ್ತ ಹೋದ. ಉಳಿದದ್ದು ಒಗೆದು ನೆರಳಲ್ಲಿ ಒಣಗಿಸಿದ ಬಟ್ಟೆಯಂಥ, ಇದೆಯೋ ಇಲ್ಲವೋ ಎನ್ನುವಷ್ಟು ತೆಳುವಾದ ವಾಸನೆ.

ಮಾನ್ವಿಗೆ ಹೋಗಿ ಮಿಲ್ಲಿನ ಗೇಟಿನಲ್ಲಿ ಪಕೀರಮ್ಮನನ್ನು ಹುಡುಕಿದ. ಅವಳು ಕಣ್ಣು ಮುಚ್ಚಿ ಬಹಳ ಹೊತ್ತು ಮೂಸಿದಳು.

"ಇದರಾಗ ಕೆಲಸದ ವಾಸನಿ ಇಲ್ರಿ, ಸಾಬ್ರ," ಎಂದಳು. ಅಲ್ಲೇ ಗೋಡೆಗೊರಗಿ ಕುಳಿತಳು.

ಆ ಅತ್ತರು ಮಿಲ್ಲಿನ ಹೆಂಗಸರನ್ನು ಬಿಟ್ಟರೆ ಬೇರೆ ಯಾರಿಗೂ ಹಿಡಿಸಲಿಲ್ಲ. ಅವರಿಗಾಗಿಯೇ ಕೆಲವು ವರ್ಷ ಮಾಡಿದ. ಅಷ್ಟರಲ್ಲಿ ಭಟ್ಟಿಯ ಹೊಗೆಗೆ ಅವನ ಮೂಗು ಮಂದವಾಯಿತು. ಅವನ ಬದಲು ಮುನ್ನೀ ಬೀ ಮೂಸಿ ಹೇಳತೊಡಗಿದಳು. ಅವಳು ಸರಿ ಎಂದದ್ದನ್ನು ಪಕೀರಮ್ಮ "ಇದು ಅದಲ್ರಿ" ಎಂದು ತಿರುಗಿಸಿದಳು. ಇನ್ನೊಂದು ಸಲ ಇಳಿಸಿದ. ಅದೂ ಅಲ್ಲ. ಮತ್ತೆ ಭಟ್ಟಿಯ ಮುಂದೆ ಕೂಡುವ ಮನಸ್ಸಾಗಲಿಲ್ಲ.

ಎಂಬತ್ತಾರರಲ್ಲಿ ಹಂಡೆಯನ್ನು ಪಾತ್ರೆ ಅಂಗಡಿಗೆ ಕೊಟ್ಟು, ಬೊಂಬಾಯಿಯಿಂದ ಬರುವ ಸೆಂಟಿನ ಶೀಶೆಗಳನ್ನು ಮಾರಲು ಕುಳಿತ. ಮುಚ್ಚಳ ತೆಗೆದು ಮೂಸಿ ನೋಡುವ ಗೋಜಿರಲಿಲ್ಲ. ಪಕ್ಕದ ಅಂಗಡಿಯ ದಸ್ತಗೀರ್ ಸಾಬ್ "ಭಟ್ಟಿ ಯಾಕ ಬಿಟ್ಟಿ?" ಎಂದು ಕೇಳಿದರೆ, "ದಣಿವಾಗ್ಯದ, ಚಾಚಾ," ಎನ್ನುತ್ತ ಶೀಶೆಗಳ ಮೇಲಿನ ಧೂಳು ಒರೆಸುತ್ತಿದ್ದ.