ಮುನಿಯಕ್ಕನ ಖಾಲಿ ಕುದುರೆ

ಮತ್ತಿಕೆರೆಯ ಬಯಲಲ್ಲಿ ಹುಲ್ಲು ಕೊಯ್ದು, ತಲೆಯ ಮೇಲೆ ಹೊತ್ತು ತಂದು, ಮಲ್ಲೇಶ್ವರದಲ್ಲಿ ಹಸು ಕಟ್ಟಿಕೊಂಡವರ ಮನೆಗಳಿಗೆ ಹಾಕುವುದು ಮುನಿಯಕ್ಕನ ಕೆಲಸ. ಗಂಡ ತೀರಿಕೊಂಡ ಮೇಲೆ ಹಿಡಿದದ್ದು. ಹೊತ್ತೂ ಹೊತ್ತೂ ಕತ್ತು ಬಿಗಿದುಕೊಂಡು, ಯಾರಾದರೂ ಕೂಗಿದರೆ ಇಡೀ ಮೈಯನ್ನೇ ತಿರುಗಿಸಿ ನೋಡುವ ಹಾಗಾಗಿತ್ತು.

ಎಪ್ಪತ್ತರ ದಶಕದ ಕೊನೆಯಲ್ಲಿ ಊರ ತುಂಬ ಆಟೋಗಳಾದವು. ಮಲ್ಲೇಶ್ವರದಲ್ಲಿ ಜಟಕಾ ಹೊಡೆಯುತ್ತಿದ್ದ ವೆಂಕಟಪ್ಪ ಅವಳ ಹಳೆಯ ಗಿರಾಕಿ. ಅವನು ಗಾಡಿಯನ್ನೂ ಕುದುರೆಯನ್ನೂ ಮಾರಿಬಿಟ್ಟ. ಉಳಿದದ್ದು ಆ ಕುದುರೆಯ ಹೆಣ್ಣು ಮರಿ ಚಂದ್ರಿ. ಅದಕ್ಕೆ ಇನ್ನೂ ಹಗ್ಗದ ಅಭ್ಯಾಸವೇ ಇರಲಿಲ್ಲ.

“ಇದನ್ನ ನೀನಿಟ್ಕೊ ಮುನಿಯಕ್ಕ. ದೊಡ್ಡದಾದ್ಮೇಲೆ ನಿನ್ ಹೊರೆ ಹೊರುತ್ತೆ.”

“ಕುದುರೆ ಸಾಕೋದು ನಂಗೇನ್ ಗೊತ್ತಣ್ಣ?”

“ಇಷ್ಟು ವರ್ಷ ಅದರಮ್ಮಂಗೆ ಹುಲ್ಲು ತಂದ್ ಹಾಕಿದೀಯಲ್ಲ, ಸಾಕು.”

ಮತ್ತಿಕೆರೆಯವರೆಗೂ ಅವನೇ ಮರಿಯ ಕೊರಳಿಗೆ ಟವಲು ಸುತ್ತಿ ನಡೆಸಿಕೊಂಡು ಬಂದು ಬಿಟ್ಟುಹೋದ.

ಮರುದಿನ ಮುನಿಯಕ್ಕ ಬಾವಿಯ ನೈಲಾನ್ ಹಗ್ಗಕ್ಕೆ ಜೀರುಗುಣಿಕೆ ಹಾಕಿ ಅದರ ಮುಖಕ್ಕೆ ಕಟ್ಟಿದಳು. ಲಾರಿಯೊಂದು ಹಾರನ್ ಹೊಡೆದದ್ದೇ ತಡ, ಚಂದ್ರಿ ಬೆದರಿ ಹಿಂದಕ್ಕೆ ಜಗ್ಗಿತು. ಜಗ್ಗಿದಷ್ಟೂ ಕುಣಿಕೆ ಬಿಗಿಯಿತು. ಬಿಚ್ಚಿ ನೋಡಿದರೆ ಗಲ್ಲದ ಕೆಳಗೆ ಚರ್ಮ ಕಿತ್ತಿತ್ತು. ಆಮೇಲೆ ಅದು ಮುಖದ ಹತ್ತಿರ ಕೈಯನ್ನೇ ಬಿಡಲಿಲ್ಲ.

ಅವಳು ಅಳುತ್ತ ವೆಂಕಟಪ್ಪನ ಮನೆಗೆ ಹೋದಳು. “ವಾಪಸ್ ಕರ್ಕೊಂಡ್ಬಿಡಣ್ಣ. ನನ್ ಕೈಲಾಗಲ್ಲ.”

ವೆಂಕಟಪ್ಪ ಬೈಯಲಿಲ್ಲ. ಗೋಡೆಯ ಮೇಲೆ ತಾಯಿ ಕುದುರೆಯ ಮುಖಕ್ಕೆ ಹಾಕುತ್ತಿದ್ದ ತೊಗಲಿನ ಪಟ್ಟಿ ನೇತಾಡುತ್ತಿತ್ತು. ಅದು ಮರಿಯ ಮುಖಕ್ಕೆ ದೊಡ್ಡದು, ಜಾರಿ ಮೂಗಿನ ಹೊಳ್ಳೆಯ ಮೇಲೆ ಕೂತರೆ ಉಸಿರು ಕಟ್ಟುತ್ತದೆ ಎಂದ. ಒಳಗೆ ಹೋಗಿ ತಾನು ಮಲಗುವ ಮಂಚಕ್ಕೆ ಹೆಣೆದಿದ್ದ ನೂಲಿನ ನವಾರು ಪಟ್ಟಿಯನ್ನೇ ಬಿಚ್ಚಿ ತಂದ. ಇಬ್ಬರೂ ಶ್ರೀರಾಂಪುರಕ್ಕೆ ನಡೆದರು. ಅಲ್ಲಿ ಚಪ್ಪಲಿ ಹೊಲಿಯುವ ಆಂಜಿನಯ್ಯ ಅದನ್ನು ವೆಂಕಟಪ್ಪ ಹೇಳಿದ ಹಾಗೆ ಮರಿಯ ಮುಖದಳತೆಗೆ ಹೊಲಿದು, ಕಿವಿಯ ಹಿಂದೆ ಬರುವ ಕಡೆ ಒಂದು ಬಕಲ್ ಕೂರಿಸಿದ.

“ಅಗಲ ಇರ್ಬೇಕು, ಮೆತ್ತಗಿರ್ಬೇಕು, ಜಗ್ಗಿದ್ರೆ ಬಿಗೀಬಾರ್ದು,” ಎಂದ ವೆಂಕಟಪ್ಪ. “ಬಕಲ್ ಇದ್ರೆ ಕಿವಿ ಮೇಲೆ ಎಳೆದು ತೂರಿಸ್ಬೇಕಾಗಿಲ್ಲ. ಕಟ್ಟಿದ್ಮೇಲೆ ಒಳಗೆ ಬೆರಳು ಆಡ್ಬೇಕು, ಅಷ್ಟೆ.”

ಗಾಯ ಮಾಯುವವರೆಗೆ ಅವಳು ಪಟ್ಟಿಯನ್ನು ಕಟ್ಟಲೇ ಇಲ್ಲ. ಅದರಿಂದ ಚಂದ್ರಿಯ ಕೊರಳು ಸವರಿದಳು, ಮೂಸಲು ಬಿಟ್ಟಳು. ಆಮೇಲೆ ಪಟ್ಟಿಯ ಆಚೆ ಗರಿಕೆ ಹಿಡಿದಳು. ಒಂದು ಬೆಳಿಗ್ಗೆ ಗರಿಕೆಯ ಆಸೆಗೆ ಚಂದ್ರಿ ತಾನಾಗಿಯೇ ಅದರೊಳಗೆ ಮೂತಿ ತೂರಿಸಿತು. ಮುನಿಯಕ್ಕ ಮೆಲ್ಲಗೆ ಬಕಲ್ ಹಾಕಿದಳು.

ನಡೆಸುವುದನ್ನು ಕಲಿಸಲು ವೆಂಕಟಪ್ಪ ಮತ್ತಿಕೆರೆಗೇ ಬಂದ. “ಮುಂದೆ ನಿಂತು ಎಳೀಬೇಡ. ಪಕ್ಕದಲ್ಲಿರು. ಹಗ್ಗನ ಕೈಗೆ ಸುತ್ಕೋಬೇಡ. ಸ್ವಲ್ಪ ಬಿಗಿ ಹಿಡಿದು ಕಾಯಿ. ಒಂದ್ ಹೆಜ್ಜೆ ಇಡ್ತಿದ್ದಂಗೆ ಸಡಿಲ ಬಿಟ್ಬಿಡು. ಅದೇ ಅದಕ್ಕೆ ಸಂಬಳ.”

ಚಂದ್ರಿ ಕಲಿಯಿತು. ಆದರೆ ಬೆನ್ನು ಬಲಿಯುವವರೆಗೆ ಹೊರೆ ಹಾಕಕೂಡದು ಎಂದು ವೆಂಕಟಪ್ಪ ಕಟ್ಟುನಿಟ್ಟಾಗಿ ಹೇಳಿದ್ದ. ಹಾಗಾಗಿ ಮುನಿಯಕ್ಕ ಎಷ್ಟೋ ತಿಂಗಳು ಹುಲ್ಲನ್ನು ತಾನೇ ಹೊತ್ತು, ಪಕ್ಕದಲ್ಲಿ ಖಾಲಿ ಕುದುರೆಯನ್ನು ನಡೆಸಿಕೊಂಡು ಟಾಟಾ ಇನ್‌ಸ್ಟಿಟ್ಯೂಟ್ ರಸ್ತೆಯಲ್ಲಿ ಬಂದಳು. ಜನ ನಿಂತು ನೋಡಿ ನಗುತ್ತಿದ್ದರು.

“ಏನೇ ಇದು, ಹೊರೆ ನಿನ್ ತಲೆ ಮೇಲೆ, ಕುದುರೆ ಕೈ ಬೀಸ್ಕೊಂಡ್ ಬರುತ್ತಲ್ಲೇ,” ಎಂದರು ಹುಲ್ಲು ಕೊಳ್ಳುವ ಕಲ್ಯಾಣಮ್ಮ.

“ಅದಿನ್ನೂ ಮಗು ಅಮ್ಮಾ. ಬಸ್ಸು, ಲಾರಿ, ಎಲ್ಲಾ ನೋಡಿ ಅಭ್ಯಾಸ ಆಗ್ಲಿ.”

ಕೊನೆಗೊಂದು ದಿನ ವೆಂಕಟಪ್ಪ ಬಂದು ಬೆನ್ನು ಒತ್ತಿ ನೋಡಿ, ಗೋಣಿ ಹಾಸಿ, ಹುಲ್ಲನ್ನು ಎರಡೂ ಕಡೆ ಸಮ ಮಾಡಿ ಕಟ್ಟಿದ. ಚಂದ್ರಿ ಒಮ್ಮೆ ತಿರುಗಿ ಮೂಸಿ, ಸುಮ್ಮನೆ ಹೊರಟಿತು. ಮುನಿಯಕ್ಕ ದಾರಿಯುದ್ದಕ್ಕೂ ಕೈಯೆತ್ತಿ ಬರಿಯ ತಲೆ ಮುಟ್ಟಿಕೊಳ್ಳುತ್ತಿದ್ದಳು.

ಅಲ್ಲಿಂದ ಮುಂದೆ ವಾರಕ್ಕೊಮ್ಮೆ ವೆಂಕಟಪ್ಪನ ಮನೆಗೆ ಬಯಲಿನ ಹೊನಗೊನೆ ಸೊಪ್ಪು ಹೋಗುತ್ತಿತ್ತು. “ಯಾಕಮ್ಮ ಇದೆಲ್ಲ?” ಎಂದು ಅವನು ಕೇಳಿದರೆ, “ಹಾದೀಲಿತ್ತು, ಕಿತ್ಕೊಂಡ್ಬಂದೆ,” ಎನ್ನುತ್ತಿದ್ದಳು. ಅವಳು ಹುಲ್ಲು ಮಾರಿದಷ್ಟು ಕಾಲವೂ, ಕುದುರೆ ಯಾರದು ಎಂದು ಬೀದಿಯಲ್ಲಿ ಯಾರು ಕೇಳಿದರೂ ನನ್ನದು ಎಂದವಳಲ್ಲ. “ವೆಂಕಟಪ್ಪಣ್ಣಂದು,” ಎನ್ನುತ್ತಿದ್ದಳು.